ಹೋದಷ್ಟೇ ಬರಬೇಕು ಗಾಳಿ

ಕೆನಡಾ, ಜರ್ಮನಿಯಂಥ ಚಳಿನಾಡುಗಳಲ್ಲಿ ಈಗ ಮನೆ ಕಟ್ಟುವವರು ಗೋಡೆ, ಕಿಟಕಿಗಳ ಸಂದುಗೊಂದುಗಳನ್ನು ಬಿಗಿಯಾಗಿ ಮುಚ್ಚುತ್ತಾರೆ. ಹಣ ಸುರಿದು ಬೆಚ್ಚಗಾಗಿಸಿದ ಗಾಳಿ ಸೋರಿಹೋಗಬಾರದೆಂಬುದು ಉದ್ದೇಶ. ಆದರೆ ಉಸಿರು, ಅಡುಗೆ, ಸ್ನಾನದ ತೇವವೂ ಆಗ ಒಳಗೇ ಉಳಿಯುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ಹೀಟ್ ರಿಕವರಿ ವೆಂಟಿಲೇಶನ್. ಒಂದು ಫ್ಯಾನ್ ಅಡುಗೆಮನೆ, ಬಚ್ಚಲುಮನೆಗಳ ಹಳಸಿದ ಗಾಳಿಯನ್ನು ಹೊರಹಾಕಿದರೆ, ಇನ್ನೊಂದು ಹೊರಗಿನ ತಾಜಾ ಗಾಳಿಯನ್ನು ಮಲಗುವ ಕೋಣೆಗಳಿಗೆ ಕಳಿಸುತ್ತದೆ. ಯಂತ್ರದೊಳಗೆ ತೆಳುವಾದ ಹಾಳೆಗಳ ಆಚೀಚೆ ಹರಿಯುವ ಈ ಎರಡು ಗಾಳಿಗಳು ಬೆರೆಯುವುದಿಲ್ಲ. ಶಾಖ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಕಟ್ಟಿದ ಪ್ರಾಯೋಗಿಕ ಮನೆಯಲ್ಲೂ, 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಎದ್ದ, ಅತಿ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವ ಮೊದಲ 'ಪ್ಯಾಸಿವ್ ಹೌಸ್'ನಲ್ಲೂ ಈ ತಂತ್ರವಿತ್ತು. ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಯಂತ್ರ ಶೇಕಡಾ ಎಷ್ಟು ಶಾಖ ಉಳಿಸುತ್ತದೆ ಎಂಬುದನ್ನು. ಆದರೆ ಹೊರಹೋಗುವ ಗಾಳಿಯೂ ಒಳಬರುವ ಗಾಳಿಯೂ ಸಮವಾಗಿಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.34 ವಾಟ್-ಗಂಟೆ ಶಕ್ತಿ ಬೇಕು. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಎಂದಿಟ್ಟುಕೊಳ್ಳಿ. ಗಂಟೆಗೆ 150 ಘನ ಮೀಟರ್ ಗಾಳಿ ಹೋಗಿ ಅಷ್ಟೇ ಬಂದರೆ, ಶೇ. 85ರಷ್ಟು ಶಾಖ ಉಳಿಸುವ ಯಂತ್ರದಲ್ಲಿ ನಷ್ಟವಾಗುವುದು ಸುಮಾರು 230 ವಾಟ್. ಅದೇ ಯಂತ್ರ 150 ಹೊರಹಾಕಿ 120 ಮಾತ್ರ ಒಳತಂದರೆ, ಕೊರತೆಯ 30 ಘನ ಮೀಟರ್ ಬಾಗಿಲು, ಗೋಡೆಗಳ ಬಿರುಕಿನಿಂದ ತಣ್ಣಗೇ ನುಗ್ಗುತ್ತದೆ. ಅದನ್ನು ಬಿಸಿ ಮಾಡಲು ಬೇಕಾಗುವುದೇ 306 ವಾಟ್! ಐದನೇ ಒಂದು ಪಾಲು ಗಾಳಿ ದಾರಿ ತಪ್ಪಿದ್ದಕ್ಕೆ, ಇಡೀ ಮನೆಯ ಗಾಳಿ ಬದಲಾವಣೆಗಿಂತ ಹೆಚ್ಚು ದಂಡ.

ತೇವದ ಗಾಳಿ ಗೋಡೆಯೊಳಗೆ ನುಗ್ಗದಂತೆ ಹೊರಹಾಕುವುದನ್ನೇ ತುಸು ಹೆಚ್ಚಿಡುವುದು ಜಾಣತನವಲ್ಲವೇ ಎಂಬ ಆಕ್ಷೇಪವಿದೆ. ಒಳಬರುವ ಗಾಳಿ ಹೆಚ್ಚಾದರೆ ಬೆಚ್ಚನೆಯ ತೇವ ಗೋಡೆಯ ಸಂದಿಗೆ ಹೊಕ್ಕು ತಣಿದು ನೀರಾಗಿ ಬೂಷ್ಟು ಹಿಡಿಸುತ್ತದೆ ಎಂಬುದು ನಿಜ. ಆದರೆ ಮನೆಯಲ್ಲಿ ಸೌದೆ ಒಲೆಯಿದ್ದರೆ ಮತ್ತೊಂದು ಬದಿಯ ಅಪಾಯ ಇನ್ನೂ ದೊಡ್ಡದು: ಹೊರಹೋಗುವ ಗಾಳಿ ಹೆಚ್ಚಾಗಿ ಒಳಗಿನ ಒತ್ತಡ ಇಳಿದಾಗ ಚಿಮಣಿಯ ಹೊಗೆ ಹಿಂದಿರುಗಿ, ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಇಳಿಯಬಹುದು. ತೇವವನ್ನು ತಡೆಯಬೇಕಾದದ್ದು ಗೋಡೆಯ ಗಾಳಿತಡೆ ಪದರ, ಫ್ಯಾನಿನ ಏರುಪೇರಲ್ಲ. ಹೊಸ ಯಂತ್ರಗಳು ತಾವೇ ವೇಗ ಹೊಂದಿಸಿಕೊಳ್ಳುತ್ತವಲ್ಲ ಎಂಬುದು ಇನ್ನೊಂದು ವಾದ. ಅವು ಒಟ್ಟು ಗಾಳಿಯನ್ನು ಸರಿದೂಗಿಸುತ್ತವೆ. ಯಾವ ಕೋಣೆಗೆ ಎಷ್ಟು ಎಂಬುದನ್ನಲ್ಲ. ಉದ್ದ ಪೈಪಿನ ಕೊನೆಯ ಕೋಣೆಗೆ ಗಾಳಿ ಕಡಿಮೆಯಾಗದಂತೆ, ಪ್ರತಿ ಗಾಳಿಕಿಂಡಿಯ ಹರಿವನ್ನೂ ಮಾಪಕವಿಟ್ಟು ಅಳೆದು ತಿರುಗಿಸಿ ಹೊಂದಿಸುವುದು ತಂತ್ರಜ್ಞನ ಕೆಲಸ.

ಹೊಂದಿಸಿದ ಮೇಲೂ ಆ ಸಮತೋಲನ ತಾನಾಗಿ ಉಳಿಯದು. ಧೂಳು ಕಟ್ಟಿದ ಫಿಲ್ಟರ್ ಒಂದು ಬದಿಯ ಹರಿವನ್ನು ತಗ್ಗಿಸುತ್ತದೆ. ಸದ್ದೆಂದು ಒಂದು ಕಿಂಡಿ ಮುಚ್ಚಿದರೆ ಉಳಿದವುಗಳ ಪಾಲೂ ಕೆಡುತ್ತದೆ. ಅಂಥ ಮನೆಯಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿ ಎಲ್ಲರೂ ಯಂತ್ರ ಕೂಡಿಸಿದವರಿಂದ ಕೋಣೆವಾರು ಅಳತೆಯ ಪಟ್ಟಿಯನ್ನು ಕೇಳಿ ಪಡೆಯಲಿ, ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಲಿ, ಕಿಂಡಿಗೆ ಕೈಹಾಕದಿರಲಿ.