ಉಳಿಗೆ ಒಲಿಯದ ಕಲ್ಲು

ಮೂಡುಬಿದಿರೆ ಬಳಿಯ ಪುತ್ತಿಗೆಯ ಸುತ್ತಮುತ್ತ ರಸ್ತೆಗೆಂದು ಗುಡ್ಡ ಕಡಿದ ಕಡೆಯಲ್ಲೆಲ್ಲ ಇಲ್ಲಿನ ಮನೆಗಳ ಮೂಲ ಕಾಣುತ್ತದೆ. ಮೇಲೊಂದು ಗೇಣು ಮಣ್ಣು, ಕೆಳಗೆ ಮೈತುಂಬ ತೂತಿನ ಕೆಂಪು ಮುರಕಲ್ಲು. ನೆಲದೊಳಗೆ ಇದು ಮೆದು. ಕಡಿದು ಹೊರಗಿಟ್ಟರೆ ಗಾಳಿ ಬಿಸಿಲಿಗೆ ಬಲಿಯುತ್ತದೆ. ಮಲಬಾರಿನಲ್ಲಿ ಇದೇ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಎಂದು ಬರೆದ. ಅಷ್ಟರಲ್ಲಿ ನಮ್ಮವರು ಅದರಲ್ಲಿ ಎಷ್ಟೋ ತಲೆಮಾರು ಬಾಳಿಯಾಗಿತ್ತು.

ಹಳೆಯ ಮನೆಯ ಗೋಡೆಯ ದಪ್ಪ ನೋಡಬೇಕಾದರೆ ಕಿಟಕಿಯ ಹತ್ತಿರ ನಿಲ್ಲಬೇಕು. ಮರದ ಸರಳುಗಳ ಈಚೆ ಮಗುವೊಂದು ಕಾಲು ಮಡಚಿ ಕೂರುವಷ್ಟು ಜಾಗ. ಗಾರೆ ಉದುರಿದಲ್ಲಿ ಕಲ್ಲಿನ ತೂತೊಂದಕ್ಕೆ ಕಣಜ ಮಣ್ಣು ಮೆತ್ತಿದೆ; ಪಕ್ಕದ ತೂತಿನಲ್ಲಿ ಕಳೆದ ಮಳೆಗಾಲದ ಪಾಚಿ ಕಪ್ಪಾಗಿ ಒಣಗಿದೆ. ಮಾಡು ಮಾತ್ರ ತೀರ ಕೆಳಗಿಳಿದಿದೆ, ತಲೆ ತಗ್ಗಿಸದೆ ಜಗಲಿ ಹತ್ತುವಂತಿಲ್ಲ. ಇದು ವಿನಯಕ್ಕಲ್ಲ, ಆಟಿ ತಿಂಗಳ ಮಳೆಯ ಇರಚಲಿಗೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಮಾಡುಗಳಿಂದ ಮುಳಿಹುಲ್ಲು ಇಳಿಯಿತು. ಇಳಿಜಾರು ಹಾಗೆಯೇ ಉಳಿಯಿತು.

ಆದರೆ ಇಷ್ಟೆಲ್ಲ ಹೊರುವ ಮುರಕಲ್ಲಿನ ಮೇಲೆ ಒಂದು ಹೂವನ್ನೂ ಕಡೆಯಲಾಗದು. ಉಳಿ ಇಟ್ಟರೆ ಅಂಚು ಪುಡಿ. ಕೆತ್ತನೆಯ ಚಪಲ ತೀರಬೇಕಾದರೆ ಕರಿಕಲ್ಲು ಬೇಕು, ಇಲ್ಲವೇ ಮರ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮೊದಲ ದಾರಿ ಹಿಡಿಯಿತು. ಮನೆಗಳು ಎರಡನೆಯದನ್ನು.

ಪುತ್ತಿಗೆಯಿಂದ ಆಳಿ, ಆಮೇಲೆ ಮೂಡುಬಿದಿರೆಗೆ ಬಂದ ಚೌಟರ ಅರಮನೆಯ ಚಾವಡಿಯಲ್ಲಿ ಮರದ ಕೆತ್ತನೆ ಹೇಗೆ ಅರಳಿದೆ ನೋಡಿ. ಇಲ್ಲಿನ ಮರದ ಕಂಬದ ಮೇಲೆ ಒಂದು ಆನೆ. ಹತ್ತಿರ ಹೋದರೆ ಆನೆ ಕರಗಿ ಒಂಬತ್ತು ಹೆಂಗಸರಾಗುತ್ತದೆ. ಒಬ್ಬಳ ಬೆನ್ನು ಇನ್ನೊಬ್ಬಳಿಗೆ ಆಸರೆ, ಮೈಮೈ ಹೆಣೆದು ಸೊಂಡಿಲಿನಿಂದ ಕಾಲಿನವರೆಗೆ ಅವರೇ. ಇದು ನವನಾರೀ ಕುಂಜರ. ಐವರು ಸೇರಿ ಕುದುರೆಯಾದ ಪಂಚನಾರೀ ತುರಗವೂ ಇಲ್ಲಿದೆ. ಆಳಿದ ಮನೆತನದ್ದಾದರೂ ಅಳತೆಯಲ್ಲಿ ಇದು ಅರಮನೆ ಎನ್ನುವುದಕ್ಕಿಂತ ಜಮೀನ್ದಾರರ ದೊಡ್ಡದೊಂದು ಗುತ್ತಿನ ಮನೆ ಎಂದೇ ನನಗನ್ನಿಸುವುದು.

ಈಗ ಮುರಕಲ್ಲನ್ನು ಯಂತ್ರ ಕೊಯ್ಯುತ್ತದೆ. ಅಂಚು ನೇರ, ಅಳತೆ ಒಂದೇ. ಗೋಡೆ ಎದ್ದ ಕೂಡಲೇ ಸಿಮೆಂಟು, ಪುಟ್ಟಿ, ತಿಳಿಹಳದಿ ಬಣ್ಣ. ಕೆಂಪು ಉಳಿದಿರುವುದು ಕಾಂಪೌಂಡಿಗೆ ಮಾತ್ರ, ಅದೂ ಖರ್ಚು ಉಳಿಸಲು.