ಮಾಘಮಾಸದಲ್ಲಿ ಗದಗ ಸೀಮೆಯ ಹವೆ

ಮಳೆಗಾಲವನ್ನು ಕೊಂಡಾಡುವವರು ಬಹಳ ಜನ. ಬೇಸಗೆಯನ್ನು ಶಪಿಸುವವರೂ ಕಡಿಮೆಯಿಲ್ಲ. ಇವೆರಡಕ್ಕೂ ಸೇರದೆ ಸದ್ದಿಲ್ಲದೆ ಬಂದು ಹೋಗುವ ಮಾಘಮಾಸವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಒಕ್ಕಲುಮಕ್ಕಳಿಗೆ ವರ್ಷದ ರೊಟ್ಟಿ ನಿಶ್ಚಯವಾಗುವುದು ಬಹುಮಟ್ಟಿಗೆ ಈ ತಿಂಗಳಿನಲ್ಲಿಯೇ ಎಂಬುದನ್ನು ವಾಚಕರು ಮರೆಯಲಾಗದು.

ಈ ಸೀಮೆಯು ಸಹ್ಯಾದ್ರಿಯ ಮಳೆನೆರಳಿನಲ್ಲಿರುವುದು. ವರ್ಷವೆಲ್ಲ ಕೂಡಿ ಇಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಫೆಬ್ರುವರಿಯಲ್ಲಿಯಂತೂ ಇಲ್ಲವೆಂದರೂ ಸಲ್ಲುವುದು. ಮೂಡಲ ಕಡೆಯಿಂದ ಒಣಗಾಳಿ ಬೀಸುತ್ತದೆ, ಆಕಾಶ ನಿರ್ಮಲವಾಗಿರುತ್ತದೆ. ಹಗಲಿನ ಉಷ್ಣಮಾನ ಸೆಂಟಿಗ್ರೇಡ್ ಅಳತೆಯಲ್ಲಿ 32-33 ಅಂಶಕ್ಕೆ ಏರಿದರೆ, ಬೆಳಗಿನ ಜಾವಕ್ಕೆ 17-18ರ ಸುಮಾರಿಗೆ ಇಳಿಯುವುದು. ಮಧ್ಯಾಹ್ನ ನೆರಳನ್ನು ಬಯಸಿದವನೇ ನಸುಕಿನಲ್ಲಿ ಕಂಬಳಿಯನ್ನು ಹುಡುಕುವನು. ಇದಕ್ಕೆ ಕಾರಣವು ಸರಳವಾದುದು. ಮೋಡವು ಭೂಮಿಗೆ ಹೊದಿಕೆಯಂತೆ. ಆ ಹೊದಿಕೆಯಿಲ್ಲದ ರಾತ್ರಿಯಲ್ಲಿ ನೆಲವು ಹಗಲೆಲ್ಲ ಕುಡಿದ ಶಾಖವನ್ನು ಬೇಗನೆ ಬಿಟ್ಟುಕೊಟ್ಟು ತಂಪಾಗುತ್ತದೆ.

ಮಳೆಯಿಲ್ಲದ ಈ ತಿಂಗಳಲ್ಲಿ ಬೆಳೆ ನಿಲ್ಲುವುದಾದರೂ ಹೇಗೆ? ಅದು ಎರಿಭೂಮಿಯ ಗುಣ. ಹಸ್ತ-ಚಿತ್ತಿ ಮಳೆಗಳ ನೀರನ್ನು ಈ ಕಪ್ಪು ಜೇಡಿಮಣ್ಣು ಒಡಲಲ್ಲಿ ಹಿಡಿದಿಟ್ಟುಕೊಂಡು, ಬಿಳಿಜೋಳ, ಕಡಲೆ, ಕುಸುಬಿಗಳಿಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಉಣಿಸುವುದು. ಮಣ್ಣು ಒಣಗಿ ಬಿರುಕು ಬಿಟ್ಟರೆ ಆ ತೇವವು ಬಿರುಕಿನೊಳಗಿಂದ ಹಾರಿಹೋಗುವುದು. ಆದುದರಿಂದಲೇ ಬಲ್ಲ ಒಕ್ಕಲಿಗನು ಬೆಳೆ ಎಳೆಯದಿರುವಾಗಲೇ ಎಡೆ ಹೊಡೆದು ಬಿರುಕುಗಳನ್ನು ಮುಚ್ಚುತ್ತಾನೆ. ಕಾಳು ಹಾಲುಗಟ್ಟಿ ಬಲಿಯುವಾಗ ರಾತ್ರಿ ತಂಪಿದ್ದರೆ ತೆನೆ ತುಂಬುತ್ತದೆ. ಬಿಸಿಲು ಬೇಗ ಬಲಿತರೆ ಕಾಳು ಜೊಳ್ಳಾಗುತ್ತದೆ. ಮೋಡ ಕವಿದರೆ ಕಡಲೆಗೆ ಕಾಯಿಕೊರಕದ ಭಯ. ಅಕಾಲದ ಮಳೆ ಬಿದ್ದರೆ ಮಾಗಿದ ಜೋಳ ಕಪ್ಪಿಡುವ ಭಯ. ಬೇರೆಡೆ ಜನರು ಮಳೆಗಾಗಿ ಮುಗಿಲನ್ನು ನೋಡುವರು. ಇಲ್ಲಿಯವರು ಮಾಘದಲ್ಲಿ ಮಳೆ ಬಾರದಿರಲೆಂದು ನೋಡುವರು.

ನಾಲ್ಕೂ ಊರುಗಳ ಸ್ಥಿತಿ ಒಂದೇ ಅಲ್ಲ. ಗದಗಿನ ಬಳಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಹಬ್ಬಿದ ಕಪ್ಪತಗುಡ್ಡವು ನಾಡಿಗೆ ಬೆನ್ನೆಲುಬಿನಂತಿದೆ. ಗುಡ್ಡದ ಅಂಚಿನ ಕೆಂಪು ಮಸಾರಿ ನೆಲವು ತೇವವನ್ನು ಬಹುಕಾಲ ಹಿಡಿಯದು. ಶಿರಹಟ್ಟಿ, ಮುಂಡರಗಿಗಳ ಅಂಥ ಹೊಲಗಳು ಮಾಘದಲ್ಲಿ ಬರಿದಾಗಿರುತ್ತವೆ. ಗುಡ್ಡದ ಹುಲ್ಲು ಒಣಗಿ, ಒಂದು ಕಿಡಿಗೆ ಉರಿಯಲು ಸಿದ್ಧವಾಗಿರುವುದು. ಬೀಡಿಯ ತುಂಡೆಸೆಯುವ ಪಯಣಿಗನು ಇದನ್ನು ನೆನಪಿಡಬೇಕು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಗುಡ್ಡವು ಔಷಧೀಯ ಸಸ್ಯಗಳ ಭಂಡಾರ. ತುಂಗಭದ್ರೆಯೂ ಈ ಹೊತ್ತಿಗೆ ಸೊರಗತೊಡಗುವಳು. ಗದಗ-ಬೆಟಗೇರಿಯ ನಲ್ಲಿಗಳಿಗೆ ಆಕೆಯ ನೀರೇ ಆಧಾರವಾದುದರಿಂದ, ಕೊಡದ ಮಿತವ್ಯಯವನ್ನು ಬೇಸಗೆಗೆ ಕಾಯದೆ ಮಾಘದಲ್ಲಿಯೇ ಆರಂಭಿಸುವುದು ಜಾಣತನ.

ಮನೆಯೊಳಗೂ ಈ ಹವೆಗೆ ತಕ್ಕ ಕೆಲಸಗಳುಂಟು. ಕಡಲೆಗಿಡ ಹಸಿರಾಗಿರುವವರೆಗೆ, ನಸುಕಿನ ಇಬ್ಬನಿಯಲ್ಲಿ ತೆಳುವಾದ ಬಿಳಿ ಅರಿವೆಯನ್ನು ಅದರ ಮೇಲೆ ಹಾಯಿಸಿ ಹಿಂಡಿ, ಎಲೆಯ ಹುಳಿಯನ್ನು ಅಜೀರ್ಣದ ಮದ್ದೆಂದು ಕೂಡಿಡುವ ರೂಢಿ ಹಳ್ಳಿಗಳಲ್ಲಿದೆ. ಹಪ್ಪಳ-ಸಂಡಿಗೆಗಳಿಗೆ ಈ ಒಣ ಬಿಸಿಲಿಗಿಂತ ಒಳ್ಳೆಯದು ಬೇರಿಲ್ಲ. ಕಾಳುಗಳನ್ನೂ ಈಗಲೇ ಚೆನ್ನಾಗಿ ಒಣಗಿಸಿ ತುಂಬಿದರೆ ಹುಳು ಬೀಳುವುದು ಕಡಿಮೆ. ಗಾಳಿಯ ಒಣಪಿನಿಂದ ತುಟಿ, ಹಿಮ್ಮಡಿಗಳು ಒಡೆಯುವುದರಿಂದ ಮಕ್ಕಳಿಗೂ ವೃದ್ಧರಿಗೂ ಎಣ್ಣೆ ಸವರುವುದು, ಆಗಾಗ್ಗೆ ನೀರು ಕುಡಿಸುವುದು ಅವಶ್ಯ.

ಮಾಘ ಬಹುಳ ಚತುರ್ದಶಿಗೆ ಚಳಿಯು “ಶಿವ ಶಿವಾ” ಎನ್ನುತ್ತ ಹೋಗುವುದೆಂದು ಹಿರಿಯರ ಮಾತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳೂ ಹೆಚ್ಚುಕಡಿಮೆ ಅದೇ ಸುಮಾರಿಗೆ ಹಿಂದಿರುಗಲು ತೊಡಗುತ್ತವೆ. ಈ ಕೆರೆಗೆ 2024ರಲ್ಲಿ ರಾಮ್‌ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಆದರೆ ಈಚೆಗೆ ಚಳಿಯು ಶಿವರಾತ್ರಿಯವರೆಗೂ ಕಾಯುವುದೆಂಬ ಭರವಸೆ ಸಡಿಲವಾಗುತ್ತಿದೆ. 1901ರಿಂದ ಇಟ್ಟ ಲೆಕ್ಕದಲ್ಲಿ, ದೇಶದ ಫೆಬ್ರುವರಿಯ ಸರಾಸರಿ ಗರಿಷ್ಠ ಉಷ್ಣಮಾನವು 2023ರಲ್ಲಿ ಹಿಂದಿನ ಎಲ್ಲ ವರ್ಷಗಳನ್ನೂ ಮೀರಿತು. ಪಟ್ಟಣದವನಿಗೆ ಇದು ಬೀಸಣಿಗೆಯನ್ನು ಒಂದು ತಿಂಗಳು ಮೊದಲು ಹುಡುಕುವ ಮಾತು. ಎರಿಹೊಲದವನಿಗೆ ಇದು ತೆನೆಯೊಳಗಿನ ಕಾಳಿನ ಮಾತು. ಹಿಂಗಾರಿಯನ್ನು ತಡಮಾಡದೆ ಬಿತ್ತುವುದು, ಹೊಲದ ಬದುಗಳನ್ನು ಕಟ್ಟಿ ಮಳೆನೀರನ್ನು ಹೊಲದಲ್ಲಿಯೇ ಇಂಗಿಸುವುದು, ಕೆರೆಗಳ ಹೂಳು ತೆಗೆಯುವುದು, ಇವು ನಮ್ಮ ಕೈಯಲ್ಲಿರುವ ಉಪಾಯಗಳು. ಮಾಘದ ಚಳಿಯನ್ನು ನಾವು ತಡೆದು ನಿಲ್ಲಿಸಲಾರೆವು. ಆದರೆ ಚಿತ್ತಿಯ ಮಳೆಯನ್ನು ಮಾಘದವರೆಗೆ ನೆಲದಲ್ಲಿ ಉಳಿಸಿಕೊಳ್ಳುವುದು ನಮ್ಮಿಂದ ಆಗುವ ಕೆಲಸವಾಗಿದೆ.