ಕೀಲುನೋವಿನ ಲೆಕ್ಕ: ಹಾಜರಿ ಪುಸ್ತಕಕ್ಕೆ ಸಿಗದ ನಷ್ಟ

ತೂಕ, ಅಳತೆ, ಲೆಕ್ಕಗಳಿಲ್ಲದೆ ವ್ಯಾಪಾರವು ಒಂದು ದಿನವೂ ಸಾಗದು. ಆದರೆ ಅಂಗಡಿ, ಗೋದಾಮು ಹಾಗೂ ಕಾರ್ಖಾನೆಗಳಲ್ಲಿ ದುಡಿಯುವವರ ಕೀಲುನೋವು ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಮಂಡಿನೋವಿರುವ ನುರಿತ ಕೆಲಸಗಾರನು ದಿನವೂ ಕೆಲಸಕ್ಕೆ ಬಂದು ಹಾಜರಿ ಹಾಕಬಹುದು. ಆದರೆ ಮೊದಲು ಅಟ್ಟದ ಸರಕನ್ನು ಇಳಿಸುವುದನ್ನು ಬಿಡುತ್ತಾನೆ. ಬಳಿಕ ಬಾಕಿ ವಸೂಲಿಗೆ ತಿರುಗುವುದನ್ನು ಬಿಡುತ್ತಾನೆ. ಕೊನೆಗೆ ಕೆಲಸವನ್ನೇ ಬಿಡುತ್ತಾನೆ. ಹಲವು ವರ್ಷಗಳ ಅನುಭವವೂ ಆತನೊಂದಿಗೆ ಹೊರಟುಹೋಗುತ್ತದೆ.

ಮೂರು ಹಂತಗಳು

ಕೀಲುಸವೆತದಲ್ಲಿ ಕ್ಷ-ಕಿರಣ ಚಿತ್ರಕ್ಕೂ ರೋಗಿಯ ನೋವಿಗೂ ಅನೇಕ ವೇಳೆ ತಾಳೆಯಾಗುವುದಿಲ್ಲ. ನೋವಿಗೂ ಬದುಕಿನ ಅಡಚಣೆಗೂ ಸಹ ನೇರ ಅನುಪಾತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ಈ ಕಾರಣದಿಂದಲೇ ದೇಹದ ದೋಷ, ಚಟುವಟಿಕೆಯ ಮಿತಿ ಮತ್ತು ಪಾಲ್ಗೊಳ್ಳುವಿಕೆಯ ಕೊರತೆ ಎಂಬ ಮೂರನ್ನು ಬೇರ್ಪಡಿಸಿತು. ಮಂಡಿಯ ಮೃದ್ವಸ್ಥಿ ಸವೆಯುವುದು ಮೊದಲನೆಯದು. ಮೆಟ್ಟಿಲು ಹತ್ತಲಾಗದಿರುವುದು ಎರಡನೆಯದು. ಮಹಡಿಯ ಗೋದಾಮಿನ ಹೊಣೆ, ಬಂಧುಗಳ ಮದುವೆ, ಸಂಘದ ಸಭೆ ಕೈತಪ್ಪುವುದು ಮೂರನೆಯದು. ಸುತ್ತಲಿನ ಪರಿಸರವೂ ಇದರಲ್ಲಿ ಪಾತ್ರ ವಹಿಸುತ್ತದೆಂದು ಆ ವರ್ಗೀಕರಣವು ಒಪ್ಪುತ್ತದೆ.

ಅಳತೆಗೋಲುಗಳು

ವೈದ್ಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವೊಮ್ಯಾಕ್ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ: ನೋವಿಗೆ 5, ಬಿಗಿತಕ್ಕೆ 2, ದೈಹಿಕ ಕಾರ್ಯಕ್ಕೆ 17. ಕೆನಡಾದಲ್ಲಿ ರೂಪುಗೊಂಡ ಈ ಪ್ರಶ್ನಾವಳಿಯು ಕಾಲುಚೀಲ ತೊಡುವುದನ್ನು, ಸ್ನಾನದ ತೊಟ್ಟಿಗೆ ಇಳಿಯುವುದನ್ನು ವಿಚಾರಿಸುತ್ತದೆ. ನಮ್ಮಲ್ಲಿ ಮೊದಲು ಕಷ್ಟವಾಗುವುದು ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂತು ಏಳುವುದು. ಪುಣೆಯ ಸಂಧಿವಾತ ತಜ್ಞರು ಇದನ್ನು ಭಾರತೀಯ ಜೀವನಕ್ರಮಕ್ಕೆ ಹೊಂದಿಸಿಕೊಂಡದ್ದು ಉಚಿತವೇ ಆಗಿದೆ.

ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ 11 ಪ್ರಶ್ನೆಗಳ ಕಿರು ಪ್ರಶ್ನಾವಳಿಯು ಇನ್ನೂ ಮುಂದೆ ಸಾಗುತ್ತದೆ. ಮನೆಯ ಹೊರಗಿನ ಓಡಾಟ, ಹಣಕಾಸಿನ ನಿರ್ವಹಣೆ, ಉದ್ಯೋಗ, ಜನರೊಡನೆ ಬೆರೆಯುವುದು ಮುಂತಾದವುಗಳು ಕಳೆದ ನಾಲ್ಕು ವಾರಗಳಲ್ಲಿ ತನಗೆ ಬೇಕಾದಾಗ, ಬೇಕಾದ ರೀತಿಯಲ್ಲಿ ನಡೆದವೇ ಎಂಬುದನ್ನು ವ್ಯಕ್ತಿಯೇ ಹೇಳಬೇಕು. ಅಳತೆಗೋಲು ಇಲ್ಲಿ ವೈದ್ಯರ ನಿರೀಕ್ಷೆಯಲ್ಲ, ಆತನ ಇಚ್ಛೆ.

ಉದ್ಯಮಿಗಳಿಗೆ ಹೆಚ್ಚು ಉಪಯುಕ್ತವಾದುದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಹೊರತಂದ ಅಂಗವೈಕಲ್ಯ ಮಾಪನದ ಕೈಪಿಡಿ. ಕಳೆದ 30 ದಿನಗಳಲ್ಲಿ ಕೆಲಸ ಸಂಪೂರ್ಣ ನಿಂತ ದಿನಗಳೆಷ್ಟು, ಕೆಲಸವನ್ನು ಕಡಿಮೆ ಮಾಡಬೇಕಾದ ದಿನಗಳೆಷ್ಟು ಎಂದು ಇದು ಬೇರೆಬೇರೆಯಾಗಿ ಕೇಳುತ್ತದೆ. ಎರಡನೆಯ ಅಂಕಿಯೇ ಹಾಜರಿ ಪುಸ್ತಕಕ್ಕೆ ಸಿಗದ ನಷ್ಟ.

ಮಾಲೀಕರು ಮಾಡಬಹುದಾದದ್ದು

ನೆಲದ ಮೇಲೆ ಕುಳಿತು ಊದಬತ್ತಿ ಹೊಸೆಯುವ ಮಹಿಳೆಗೆ ಎತ್ತರದ ಮಣೆ ಮತ್ತು ಮೇಜು ದೊರೆತರೆ ಮಂಡಿಯ ಸವೆತ ಮಾಯವಾಗದು. ಆದರೆ ಆಕೆ ಕೆಲಸದಲ್ಲಿ ಮುಂದುವರಿಯಲು ಸಾಧ್ಯವಾಗಬಹುದು. ಭಾರದ ಸರಕನ್ನು ಸೊಂಟದ ಎತ್ತರದ ಕಪಾಟಿನಲ್ಲಿರಿಸುವುದು, ತಳ್ಳುಗಾಡಿ ಒದಗಿಸುವುದು, ನಿಂತು ಮಾಡುವ ಕೆಲಸದ ನಡುವೆ ಕೂರಲು ಅವಕಾಶ ನೀಡುವುದು ದುಬಾರಿ ಕ್ರಮಗಳೇನಲ್ಲ. ನಿಂತೇ ದುಡಿಯುವವರಿಗೆ ಆಸನ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಕಲಮು ವಿಧಿಸಿತ್ತು. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಬದಲಾವಣೆಗೆ ಮುನ್ನ ಒಮ್ಮೆ, ಕೆಲವು ವಾರಗಳ ನಂತರ ಮತ್ತೊಮ್ಮೆ ಅದೇ ಪ್ರಶ್ನೆಗಳನ್ನು ಕೇಳಿದರೆ ಫಲ ತಿಳಿಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಉತ್ತರ ನೀಡುವುದು ಕೆಲಸಗಾರರ ಇಚ್ಛೆಗೆ ಬಿಟ್ಟದ್ದಾಗಿರಬೇಕು, ಉತ್ತರಗಳು ಗೋಪ್ಯವಾಗಿರಬೇಕು. ಉತ್ತರವು ಕೆಲಸದಿಂದ ತೆಗೆಯಲು ನೆಪವಾದೀತೆಂಬ ಭಯ ಹುಟ್ಟಿದರೆ ಯಾರೂ ನಿಜ ಹೇಳರು, ಅಳತೆಯೇ ಸುಳ್ಳಾಗುತ್ತದೆ. ಮಾಲೀಕರೂ ಇದೇ ಪ್ರಶ್ನೆಗಳನ್ನು ತಮಗೆ ಹಾಕಿಕೊಳ್ಳುವುದು ಒಳಿತು. ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕೂರುವವರ ಮಂಡಿಗಳೂ ಸವೆಯುವಂಥವೇ.